ಪಾತ್ರಕ್ಕೆ ಲಿಂಗವುಂಟೆ?

ಕನ್ನಡ ವ್ಯಾಕರಣದಲ್ಲಿ ‘ಪಾತ್ರ’ವೆಂಬುದು ನಪುಂಸಕಲಿಂಗ. ಭಾಮೆ ಬಂದಳು, ಕೃಷ್ಣ ಬಂದನು ಎನ್ನುತ್ತೇವೆ. ಆದರೆ ಭಾಮೆಯ ಪಾತ್ರವೂ ‘ಬಂದಿತು’, ಕೃಷ್ಣನ ಪಾತ್ರವೂ ‘ಬಂದಿತು’. ಪಾತ್ರವು ತಾನಾಗಿ ಹೆಣ್ಣೂ ಅಲ್ಲ, ಗಂಡೂ ಅಲ್ಲವೆಂದು ಭಾಷೆ ಎಂದೋ ತೀರ್ಮಾನಿಸಿದೆ. ಪಾತ್ರ ವಹಿಸುವವರ ವಿಚಾರದಲ್ಲಿ ಮಾತ್ರ ವ್ಯವಹಾರ ಬೇರೆ.

ಕಳೆದ ದೀಪಾವಳಿಗೆ ಗೋಕಾಕದ ತಂಗಿಯ ಮನೆಗೆ ಹೋಗಿದ್ದೆ. ಅಳಿಯನೂ ಅವನ ಮೂವರು ಗೆಳೆಯರೂ ಮೇಜಿನ ಸುತ್ತ ಕುಳಿತು ಒಂದು ಆಟದಲ್ಲಿ ಮುಳುಗಿದ್ದರು. ಪಗಡೆಯಲ್ಲ, ಇಸ್ಪೀಟಲ್ಲ. ಒಬ್ಬನು ಭಾಗವತನಂತೆ ಕಥೆ ನಡೆಸುತ್ತಾನೆ; ಮುಂದೆ ಗುಹೆಯಿದೆ, ಒಳಗೆ ಏನೋ ಉಸಿರಾಡುತ್ತಿದೆ ಎನ್ನುತ್ತಾನೆ. ಉಳಿದವರು ವೀರ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಹಿಡಿದ ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ವೇಷವಿಲ್ಲ, ಬಣ್ಣವಿಲ್ಲ, ರೇಡಿಯೋ ನಾಟಕದಂತೆ ಮಾತೇ ಎಲ್ಲ. ಅಳಿಯನ ತಂಗಿ ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದಳು. “ನೀ ಯಾಕ ಕೂತಿಲ್ಲವಾ?” ಎಂದೆ. “ನನ್ನ ಯಾರ ಕರದಾರ, ಮಾಮಾ?” ಎಂದಳು.

ಈ ಬಗೆಯ ಆಟ 1974ರಲ್ಲಿ ಅಮೆರಿಕೆಯಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಿಂದ ಅಚ್ಚಾಗಿ ಹೊರಬಂದಿತು. ರಚಿಸಿದವರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಬೊಂಬೆ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ ಯುದ್ಧದಾಟ ಆಡುತ್ತಿದ್ದ ಕೂಟಗಳಿಂದ ಬಂದವರು ಅವರು; ಆ ಕೂಟಗಳಲ್ಲಿ ಬಹುಪಾಲು ಗಂಡಸರೇ. ಕೂಟದಂತೆ ಆಟ. 1978ರ ನಿಯಮಪುಸ್ತಕದಲ್ಲಿ ಹೆಣ್ಣುಪಾತ್ರದ ಮೈಬಲಕ್ಕೆ ಗಂಡಿನದಕ್ಕಿಂತ ಕೆಳಗಿನ ಮಿತಿಯನ್ನೇ ಹಾಕಿದ್ದರು. 1989ರ ಆವೃತ್ತಿಯಲ್ಲಿ ಅದನ್ನು ತೆಗೆದರು. ಬೆಂಕಿಯುಗುಳುವ ಘಟಸರ್ಪವನ್ನು ಮೊದಲ ದಿನವೇ ಒಪ್ಪಿದ ಆಟಕ್ಕೆ ಬಲಶಾಲಿಯಾದ ಹೆಂಗಸನ್ನು ಒಪ್ಪಲು ಹದಿನೈದು ವರ್ಷ ಬೇಕಾಯಿತು!

ಅವರನ್ನು ನೋಡಿ ನಗುವ ಮೊದಲು ನಮ್ಮ ಅಟ್ಟದ ಕಡೆಗೂ ಕಣ್ಣು ಹಾಯಿಸಬೇಕು. ದೊಡ್ಡಾಟದಲ್ಲಿ ದ್ರೌಪದಿಯೂ ಗಂಡಸೇ. ತಾಲೀಮು ರಾತ್ರಿ, ಅದೂ ಊರ ಗುಡಿಯಲ್ಲೋ ಚಾವಡಿಯಲ್ಲೋ; ಆಟ ಬೆಳಗಿನ ತನಕ. ಆ ಹೊತ್ತೂ ಆ ಜಾಗವೂ ಹೆಂಗಸಿಗೆ ಸಲ್ಲದವು ಎಂದಾಗಿತ್ತು. ಕಂಠವಿರಲಿಲ್ಲವೆಂದಲ್ಲ, ಅದೇ ಊರಿನ ಹೆಂಗಸರು ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಹಾಡುತ್ತಿದ್ದರು.

ಸಣ್ಣಾಟದಲ್ಲಿ ಹೆಣ್ಣುಪಾತ್ರಕ್ಕೆ ಹೆಂಗಸರೇ ಬಂದರು. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು 19ನೆಯ ಶತಮಾನದಲ್ಲಿ ಆಟಕ್ಕೆ ಹೊಂದಿಸಿದವನು ಕುಲಗೋಡ ತಮ್ಮಣ್ಣ. ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕಿಗೆ ಸೇರಿದೆ. ನಾರದ ತಂದ ಒಂದು ಹೂವಿನಿಂದ ಹುಟ್ಟಿದ ಜಗಳದ ಈ ಆಟವನ್ನು ಹೊತ್ತು ನಡೆಸುವವರು ಗೊಲ್ಲತಿ, ರುಕ್ಮಿಣಿ, ಭಾಮೆ, ಕೊರವಂಜಿ. ಭಾಮೆ ಸೋತರೆ ಕೃಷ್ಣನಿಂದ ಆಟ ಉಳಿಯದು. ಅದೇ ಸೀಮೆಯ ಕೌಜಲಗಿ ನಿಂಗಮ್ಮನವರು ಪಾತ್ರ ಮಾಡಿದ್ದಷ್ಟೇ ಅಲ್ಲ, ತಮ್ಮದೇ ಮೇಳ ಕಟ್ಟಿದರು. ಕರೆ ಬರಲೆಂದು ಕಾಯದೆ, ಕರೆಯುವವರ ಜಾಗದಲ್ಲಿಯೇ ಹೋಗಿ ಕುಳಿತರು. ಅಮೆರಿಕೆಯ ಆಟದಲ್ಲಿಯೂ ಲೀ ಗೋಲ್ಡ್ ಎಂಬ ಮಹಿಳೆ 1975ರಲ್ಲಿ ಆಟಗಾರರ ಪತ್ರಿಕೆಯೊಂದನ್ನು ತಾವೇ ಆರಂಭಿಸಿ ದಶಕಗಳ ಕಾಲ ನಡೆಸಿದರು.

ಆದರೆ ಸಣ್ಣಾಟದಿಂದ ಲೆಕ್ಕ ಸರಿಹೋಯಿತೆಂದು ಹಿಗ್ಗುವಂತಿಲ್ಲ. ಅಂದು ಅಟ್ಟ ಹತ್ತಿದ ಹೆಂಗಸರಲ್ಲಿ ಅನೇಕರು ಹಾಡು ಕುಣಿತವೇ ಜೀವನವಾಗಿದ್ದ ದೇವದಾಸಿ ಮನೆತನಗಳವರು. ಮರ್ಯಾದಸ್ಥರೆನಿಸಿಕೊಂಡವರು ಆಟ ನೋಡಿ ತಲೆದೂಗಿದರು, ತಮ್ಮ ಮಗಳನ್ನು ಕಳಿಸಲಿಲ್ಲ. ಕಂಪನಿ ನಾಟಕಗಳ ಕಾಲದಲ್ಲಿಯೂ ಇದೇ ಕಥೆ. ನಮ್ಮ ಏಣಗಿ ಬಾಳಪ್ಪನವರು ಎಳೆವಯಸ್ಸಿನಲ್ಲಿ ಹೆಣ್ಣುಪಾತ್ರ ಮಾಡಿದವರು. ಮರಾಠಿ ರಂಗದ ಬಾಲಗಂಧರ್ವರು ಸೀರೆಯುಡುತ್ತಿದ್ದ ರೀತಿಯನ್ನು ಕುಲೀನ ಸ್ತ್ರೀಯರೇ ಅನುಕರಿಸಿದರು. ಉಡುವುದನ್ನು ಗಂಡಸಿನಿಂದ ಕಲಿಯಬಹುದು, ಉಟ್ಟು ರಂಗದ ಮೇಲೆ ನಿಲ್ಲಬಾರದು, ಎಂಥ ಶಾಸ್ತ್ರ! ಬೀಳಗಿಯ ಗೋಹರಬಾಯಿ ಕರ್ನಾಟಕಿಯವರು ಅವರ ಮಂಡಳಿಯನ್ನು ಸೇರಿದುದು 1938ರಲ್ಲಿ.

ಈ ಲೆಕ್ಕದಲ್ಲಿ ನಾನೂ ನಿರಪರಾಧಿಯಲ್ಲ. ಕೆಲವು ವರ್ಷಗಳ ಹಿಂದೆ ಹುಕ್ಕೇರಿ ತಾಲೂಕಿನಲ್ಲಿದ್ದಾಗ ಶಾಲೆಯ ಸ್ನೇಹಸಮ್ಮೇಳನಕ್ಕೆ ಪಾರಿಜಾತದ ಒಂದು ಭಾಗವನ್ನು ಆಡಿಸಹೊರಟೆ. ಭಾಮೆಯ ಮಾತನ್ನು ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿ ಹೇಳಿದ ಠೀವಿಗೆ ಇಡೀ ವರ್ಗ ಸುಮ್ಮನಾಗಿತ್ತು. ತಾಲೀಮು ಸಂಜೆ ಐದಕ್ಕೆಂದು ಗೊತ್ತುಮಾಡಿದೆ. ಅವಳ ಊರಿನ ಕೊನೆಯ ಬಸ್ಸು ಐದೂಕಾಲಿಗೆ. ನಾಲ್ಕನೆಯ ದಿನ ಅವಳು ಬರಲಿಲ್ಲ. ಹುಡುಗಿಯರಿಗೆ ಇದರಲ್ಲಿ ಆಸಕ್ತಿ ಕಡಿಮೆಯೆಂದು ಶಿಕ್ಷಕರ ಕೊಠಡಿಯಲ್ಲಿ ಹೇಳಿದವನು ನಾನೇ. ಭಾಮೆಯ ಸೀರೆಯನ್ನು ಒಬ್ಬ ಹುಡುಗನಿಗೆ ಉಡಿಸಿದೆವು.

ಮರುವರ್ಷ ತಾಲೀಮನ್ನು ಮಧ್ಯಾಹ್ನದ ಊಟದ ಬಿಡುವಿಗೆ ತಂದೆ. ಏಳು ಹುಡುಗಿಯರು ಬಂದರು. ಅವರಲ್ಲಿಬ್ಬರು ಕೃಷ್ಣನ ಪಾತ್ರವೇ ಬೇಕೆಂದು ಹಟ ಹಿಡಿದರು. ಆ ಮೊದಲಿನ ಹುಡುಗಿ ಆಗ ಹತ್ತನೆಯ ಇಯತ್ತೆಯಲ್ಲಿದ್ದಳು. ಪರೀಕ್ಷೆಯ ವರ್ಷವೆಂದು ಮನೆಯವರು ಬೇಡವೆಂದರು.