ಹೊಲಿಗೆಯೊಳಗೆ ಅಡಗುವ ಬಟ್ಟೆ

ಕೃಷ್ಣೆ ತುಂಗಭದ್ರೆಗಳ ನಡುವಣ ಎರೆಯ ನೆಲದಲ್ಲಿ ಬೆಳೆದ ಹತ್ತಿಯು ನೂಲಾಗಿ, ಸೀರೆಯಾಗಿ, ಧೋತರವಾಗಿ, ಮೈಮೇಲೆ ವರ್ಷಾನುಗಟ್ಟಲೆ ಸವೆದು, ಇನ್ನು ಉಡಲು ಬಾರದೆಂಬ ಅವಸ್ಥೆಗೆ ಇಳಿದ ಮೇಲೆಯೂ ಅದರ ಆಯುಷ್ಯ ತೀರುವುದಿಲ್ಲವೆಂಬುದಕ್ಕೆ ದೇವದುರ್ಗ, ಮಾನ್ವಿಗಳ ಮನೆಗಳಲ್ಲಿ ಹಾಸಿ ಹೊದೆಯುವ ಕೌದಿಗಳೇ ಸಾಕ್ಷಿ. ಹಳೆಯ ಸೀರೆಗಳನ್ನು ನಾಲ್ಕೈದು ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಅಂಚಿನಿಂದ ಅಂಚಿಗೆ ಸಾಲುಸಾಲಾಗಿ ಕೈಹೊಲಿಗೆ ಹಾಕಿದಾಗ, ಪದರಗಳ ನಡುವೆ ಸಿಲುಕಿ ನಿಶ್ಚಲವಾದ ಗಾಳಿಯು ಮೈಯ ಶಾಖವನ್ನು ಹೊರಹೋಗಗೊಡದೆ ತಡೆಯುತ್ತದೆ. ಕೌದಿಯ ಬೆಚ್ಚನೆಯ ಗುಣಕ್ಕೆ ಬಟ್ಟೆಯಷ್ಟೇ ಈ ಗಾಳಿಯೂ ಕಾರಣ.

ಇಂದು ಹೊಲಿಗೆ ಕಲಿತವರಲ್ಲಿ ಅನೇಕರು ಈ ಪರಂಪರೆಯೊಡನೆ ಪಾಶ್ಚಾತ್ಯ ದೇಶಗಳ ಕ್ವಿಲ್ಟ್ ವಿಧಾನಗಳನ್ನೂ ಕೂಡಿಸಲು ಬಯಸುತ್ತಾರೆ. ಅವುಗಳಲ್ಲಿ ಅತ್ಯಂತ ನಿಖರವಾದುದು ಕಾಗದದ ಆಧಾರದ ಮೇಲೆ ತುಂಡುಗಳನ್ನು ಜೋಡಿಸುವ ಕ್ರಮ, ಅಂದರೆ ಪೇಪರ್ ಪೀಸಿಂಗ್. ವಿನ್ಯಾಸದ ಗೆರೆಗಳನ್ನು ತೆಳುಗಾಗದದ ಮೇಲೆ ಬರೆದು, ಬಟ್ಟೆಯ ತುಂಡನ್ನು ಕಾಗದದ ಕೆಳಗಿರಿಸಿ, ಗೆರೆಯ ಮೇಲೆಯೇ ಯಂತ್ರವನ್ನು ನಡೆಯಿಸಿ, ಹೊಲಿದ ತುಂಡನ್ನು ಮಗುಚಿ, ಮುಂದಿನದನ್ನು ಅದಕ್ಕೆ ಸೇರಿಸುತ್ತ ಹೋಗಿ, ಕಡೆಗೆ ಕಾಗದವನ್ನು ಹರಿದು ತೆಗೆಯುವುದು ಇದರ ಪದ್ಧತಿ. ಹೀಗೆ ಹೊಲಿದ ನಕ್ಷತ್ರದ ಮೊನೆ ಸೂಜಿಯ ಮೊನೆಯಷ್ಟೇ ಚೂಪಾಗಿ ಬರುತ್ತದೆ. ಆದರೆ ರಾಯಚೂರಿನ ಬಟ್ಟೆಯಂಗಡಿಯಲ್ಲಿ ನಿಂತು ಎಷ್ಟು ಗಜ ಕೊಳ್ಳಬೇಕೆಂದು ನಿರ್ಧರಿಸುವ ಹೊತ್ತಿಗೆ, ಕಣ್ಣಿಗೆ ಕಾಣುವ ವಿಸ್ತೀರ್ಣವನ್ನಷ್ಟೇ ಅಳೆದು ಹೋದವರ ಲೆಕ್ಕ ತಪ್ಪುವುದು ನಿಶ್ಚಿತ. ಏಕೆಂದರೆ ಬೇಕಾಗುವ ಬಟ್ಟೆಯಲ್ಲಿ ಅರ್ಧದ ಸಮೀಪದಷ್ಟು ಯಾರ ಕಣ್ಣಿಗೂ ಬೀಳದೆ ಹೊಲಿಗೆಯ ಹಿಂದೆ ಅಡಗಿಬಿಡುತ್ತದೆ.

ಈ ಅಡಗುವಿಕೆಯ ಕಾರಣವನ್ನರಿಯಲು ಹೊಲಿಗೆಯಂತ್ರದ ಒಳಗನ್ನು ನೋಡಬೇಕು. ಕೈಹೊಲಿಗೆಯಲ್ಲಿ ಒಂದೇ ದಾರವು ಬಟ್ಟೆಯನ್ನು ಪೂರ್ಣವಾಗಿ ದಾಟಿ ಮರಳುತ್ತದೆ; ಯಂತ್ರಕ್ಕೆ ಹಾಗೆ ಸೂಜಿಯನ್ನು ಕೈಬಿಟ್ಟು ಹಿಡಿಯುವ ಶಕ್ತಿಯಿಲ್ಲ. ಫ್ರಾನ್ಸಿನ ಥಿಮೊನಿಯೇ ೧೮೩೦ರಲ್ಲಿ ಒಂದೇ ದಾರದ ಸರಪಳಿ ಹೊಲಿಗೆಯಿಂದ ಈ ತೊಡಕನ್ನು ದಾಟಿದನಾದರೂ, ಅಂತಹ ಹೊಲಿಗೆ ಒಂದು ತುದಿ ಸಡಿಲಿದರೆ ಸಾಲೇ ಬಿಚ್ಚಿಕೊಳ್ಳುವಂಥದ್ದು. ೧೮೪೬ರಲ್ಲಿ ಅಮೆರಿಕದ ಎಲಿಯಾಸ್ ಹೋವ್ ಎಂಬಾತ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಅದರ ಮೊನೆಯ ಬಳಿಯಲ್ಲಿತ್ತು, ಕೆಳಗೊಂದು ಎರಡನೆಯ ದಾರವಿತ್ತು. ನಮ್ಮ ಮನೆಗಳಲ್ಲಿ ಪರಿಚಿತವಾದ ಕರಿಯ ಬಣ್ಣದ ಉಷಾ ಯಂತ್ರದಲ್ಲಿಯೂ ನಡೆಯುವುದು ಇದೇ ತತ್ತ್ವ. ಸೂಜಿ ಬಟ್ಟೆಯನ್ನು ತೂರಿ ತಳಮುಟ್ಟ ಇಳಿದು ತುಸು ಮೇಲೇಳುವಾಗ, ಬಟ್ಟೆಯ ಘರ್ಷಣೆಯಿಂದ ದಾರವು ಸೂಜಿಯೊಡನೆ ಏರಲಾರದೆ ಪಕ್ಕಕ್ಕೆ ಉಬ್ಬಿ ಒಂದು ಕುಣಿಕೆಯಾಗುತ್ತದೆ. ಅದೇ ಕ್ಷಣಕ್ಕೆ ಶಟಲ್ಲಿನ ಕೊಕ್ಕೆ ಬಂದು ಆ ಕುಣಿಕೆಯನ್ನು ಹಿಡಿದು, ಕೆಳಗಿನ ದಾರವಿರುವ ಬಾಬಿನ್ನಿನ ಸುತ್ತ ಹಾಯಿಸುತ್ತದೆ. ತದನಂತರ ಮೇಲಿನ ಸನ್ನೆಯು ದಾರವನ್ನು ಜಗ್ಗಿದಾಗ ಎರಡು ದಾರಗಳೂ ಬಟ್ಟೆಯ ಮಂದದ ನಡುವೆ ಒಂದಕ್ಕೊಂದು ತೊಡರಿ ನಿಲ್ಲುತ್ತವೆ. ಕೆಳಗಿನ ಹಲ್ಲುಗಳು ಬಟ್ಟೆಯನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತವೆ, ಸೂಜಿ ಮತ್ತೆ ಇಳಿಯುತ್ತದೆ.

ಇಂತು ಬಿದ್ದ ತೊಡರು ಎಷ್ಟೇ ಭದ್ರವಾಗಿದ್ದರೂ ಅದು ಹಿಡಿದಿರುವುದು ಹಾಸು ಹೊಕ್ಕುಗಳ ಎಳೆಗಳನ್ನೇ. ಕತ್ತರಿಸಿದ ಅಂಚಿನಲ್ಲಿ ಎಳೆಗಳು ಸ್ವತಂತ್ರವಾಗಿ ಜಾರುತ್ತವೆ. ಅಂಚಿಗೆ ತೀರ ಸಮೀಪವಾಗಿ ಹೊಲಿದರೆ ಹೊಲಿಗೆಯು ಎಳೆಗಳ ಸಮೇತ ಕಳಚಿ ಬರುತ್ತದೆ. ಆದುದರಿಂದ ಹೊಲಿಗೆಯಾಚೆಗೆ ಪ್ರತಿ ಮಗ್ಗುಲಲ್ಲಿಯೂ ಕಾಲು ಅಂಗುಲ ಬಟ್ಟೆ ಇರಲೇಬೇಕೆಂಬ ನಿಯಮ ಏರ್ಪಟ್ಟಿತು. ಒಂದು ಅಂಗುಲದ ಚೌಕ ಕಾಣಬೇಕಾದರೆ ಒಂದೂವರೆ ಅಂಗುಲದ ಚೌಕವನ್ನು ಕತ್ತರಿಸಬೇಕು; ಅಂದರೆ ಒಂದು ಚದರಂಗುಲಕ್ಕೆ ಎರಡೂಕಾಲು ಚದರಂಗುಲ ವೆಚ್ಚ. ಆರು ಅಂಗುಲದ ಚೌಕಕ್ಕಾದರೋ ಮೂವತ್ತಾರಕ್ಕೆ ನಲವತ್ತೆರಡೂಕಾಲು ಸಾಕು. ಕಾಣುವ ಬಟ್ಟೆ ತುಂಡಿನ ವಿಸ್ತೀರ್ಣವನ್ನು ಅನುಸರಿಸುತ್ತದೆ, ಅಡಗುವ ಬಟ್ಟೆ ಅದರ ಸುತ್ತಳತೆಯನ್ನು ಅನುಸರಿಸುತ್ತದೆ. ಒಂದೇ ಹೊಲವನ್ನು ಅಣ್ಣತಮ್ಮಂದಿರು ಹೆಚ್ಚು ಹೆಚ್ಚು ಪಾಲು ಮಾಡಿಕೊಂಡಷ್ಟೂ ಬದುವಿನ ಕೆಳಗೆ ಹೋಗುವ ನೆಲ ಹೆಚ್ಚುವುದನ್ನು ಕಂಡ ರೈತನಿಗೆ ಈ ಸೂತ್ರವನ್ನು ಬೇರೆ ವಿವರಿಸಬೇಕಾಗಿಲ್ಲ.

ಈಗ ಒಂದು ಕೌದಿಯ ಮೇಲ್ಪದರವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅಗಲ ೬೦ ಅಂಗುಲ, ಉದ್ದ ೮೪ ಅಂಗುಲ. ೧೨ ಅಂಗುಲದ ಮನೆಗಳು ಅಡ್ಡಲಾಗಿ ಐದು, ಉದ್ದಕ್ಕೆ ಏಳು, ಒಟ್ಟು ೩೫. ಪ್ರತಿ ಮನೆಯಲ್ಲಿಯೂ ಎಂಟು ಮೊನೆಗಳ ಒಂದು ನಕ್ಷತ್ರ: ನಡುವೆ ೬ ಅಂಗುಲದ ಕೆಂಪು ಚೌಕ, ಮೊನೆಗಳಾಗಿ ೩ ಅಂಗುಲ ಭುಜಗಳ ಎಂಟು ಕೆಂಪು ತ್ರಿಕೋನಗಳು, ಹಿನ್ನೆಲೆಗೆ ಮೂಲೆಗಳಲ್ಲಿ ೩ ಅಂಗುಲದ ನಾಲ್ಕು ಬಿಳಿಯ ಚೌಕಗಳು, ಮೊನೆಗಳ ನಡುವೆ ೬ ಅಂಗುಲ ಪಾದದ ನಾಲ್ಕು ಬಿಳಿಯ ತ್ರಿಕೋನಗಳು. ಈ ನಾಲ್ಕು ಬಗೆಯ ತುಂಡುಗಳೂ ಪ್ರತಿ ಮನೆಯಲ್ಲಿ ಆವರಿಸುವ ಜಾಗ ತಲಾ ೩೬ ಚದರಂಗುಲ, ಸರಿಸಮ. ೪೪ ಅಂಗುಲ ಪನ್ನದ ಬಟ್ಟೆಯಲ್ಲಿ ಅಂಚಿಗೂ ಕುಗ್ಗುವಿಕೆಗೂ ಎರಡು ಅಂಗುಲ ಬಿಟ್ಟು ೪೨ನ್ನು ಹಿಡಿದರೆ, ಕಣ್ಣಳತೆಯಂತೆ ಒಂದೊಂದು ಬಗೆಗೂ ೩೦ ಅಂಗುಲ ಉದ್ದದ ಬಟ್ಟೆ ಸಾಕು.

ಕತ್ತರಿಯ ಅಳತೆ ಹೇಳುವುದೇ ಬೇರೆ. ನಡುವಿನ ಚೌಕವನ್ನು ಆರೂವರೆ ಅಂಗುಲಕ್ಕೆ ಕತ್ತರಿಸಬೇಕು; ಒಂದು ಪಟ್ಟಿಯಲ್ಲಿ ಆರು, ೩೫ಕ್ಕೆ ಆರು ಪಟ್ಟಿ, ೩೯ ಅಂಗುಲ. ಮೂಲೆಯ ೧೪೦ ಚೌಕಗಳಿಗೆ ಮೂರೂವರೆ ಅಂಗುಲದ ಪಟ್ಟಿಗಳು ಹನ್ನೆರಡು, ೪೨ ಅಂಗುಲ. ತ್ರಿಕೋನಗಳ ವಿಷಯದಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಕಾಗದದ ಕೆಳಗಿರುವ ತುಂಡು ಹೊಲಿಯುವವರಿಗೆ ಕಾಣದು. ಮಗುಚಿದಾಗ ಅದು ತನ್ನ ಜಾಗವನ್ನು ಪೂರ್ಣ ಮುಚ್ಚಿ ಸುತ್ತಲೂ ಕಾಲು ಅಂಗುಲ ಮೀರಬೇಕಾದುದರಿಂದ ತುಸು ಉದಾರವಾಗಿಯೇ ಕತ್ತರಿಸುವುದು ವಿವೇಕ. ದೊಡ್ಡ ತ್ರಿಕೋನಗಳಿಗಾಗಿ ೮ ಅಂಗುಲದ ಚೌಕವನ್ನು ಎರಡು ಕರ್ಣಗಳಲ್ಲಿಯೂ ಸೀಳಿ ನಾಲ್ಕಾಗಿಸಿದರೆ ೩೫ ಚೌಕ, ಏಳು ಪಟ್ಟಿ, ೫೬ ಅಂಗುಲ. ಸಣ್ಣ ತ್ರಿಕೋನಗಳಿಗಾಗಿ ನಾಲ್ಕೂವರೆ ಅಂಗುಲದ ಚೌಕವನ್ನು ಒಂದೇ ಕರ್ಣದಲ್ಲಿ ಸೀಳಿ ಎರಡಾಗಿಸಿದರೆ ೧೪೦ ಚೌಕ, ಹದಿನಾರು ಪಟ್ಟಿ, ೭೨ ಅಂಗುಲ. ಮೂವತ್ತು, ಮೂವತ್ತು, ಮೂವತ್ತು, ಮೂವತ್ತು ಎಂದು ಕಂಡದ್ದು ಮೂವತ್ತೊಂಬತ್ತು, ನಲವತ್ತೆರಡು, ಐವತ್ತಾರು, ಎಪ್ಪತ್ತೆರಡು ಆಯಿತು. ಕೆಂಪಿಗೆ ೧೧೧ ಅಂಗುಲ, ಬಿಳಿಗೆ ೯೮. ಹೊಸ ಹತ್ತಿಬಟ್ಟೆ ಮೊದಲ ಒಗೆತದಲ್ಲಿ ನೂರಕ್ಕೆ ಐದರಷ್ಟು ಕುಗ್ಗಬಹುದೆಂದು ಎಣಿಸಿದರೆ ಕೆಂಪು ಮೂರೂಕಾಲು ಗಜ, ಬಿಳಿ ಮೂರು ಗಜ. ಕಣ್ಣಳತೆಯ ಲೆಕ್ಕವಾದರೋ ಎರಡಕ್ಕೂ ಕೂಡಿ ಮೂರೂವರೆ ಗಜವನ್ನೂ ಮುಟ್ಟುತ್ತಿರಲಿಲ್ಲ.

ತ್ರಿಕೋನಗಳಲ್ಲಿ ಒಂದನ್ನು ಎರಡಾಗಿಯೂ ಇನ್ನೊಂದನ್ನು ನಾಲ್ಕಾಗಿಯೂ ಸೀಳುವುದೇಕೆಂಬ ಪ್ರಶ್ನೆಗೆ ನೇಯ್ಗೆಯೇ ಉತ್ತರ ಹೇಳುತ್ತದೆ. ಹಾಸಿನ ನೇರಕ್ಕೂ ಹೊಕ್ಕಿನ ನೇರಕ್ಕೂ ಜಗ್ಗಿದಾಗ ಬಟ್ಟೆ ಹೆಚ್ಚು ಹಿಗ್ಗದು, ಏಕೆಂದರೆ ಆ ಸೆಳೆತವನ್ನು ಎಳೆಗಳೇ ತಡೆಯುತ್ತವೆ; ಓರೆಯಾಗಿ ಜಗ್ಗಿದರೆ ಎಳೆಗಳ ನಡುವಿನ ಚೌಕಗಳು ವಜ್ರಾಕಾರಕ್ಕೆ ತಿರುಗಿ ಬಟ್ಟೆ ಉದ್ದವಾಗುತ್ತದೆ. ಮನೆಯ ಹೊರ ಅಂಚಿನಲ್ಲಿ ಓರೆಯಾದ ಕಡಿತ ಬಿದ್ದರೆ ಕೌದಿ ಅಲೆಯಲೆಯಾಗಿ ಡೊಂಕುವುದು. ದೊಡ್ಡ ತ್ರಿಕೋನದ ಪಾದ ಹೊರ ಅಂಚಿಗೆ ಬರುವುದರಿಂದ ಅದು ನೇರ ಎಳೆಯಲ್ಲಿರಬೇಕು. ಸಣ್ಣದರ ಭುಜಗಳು ಪಕ್ಕದ ಚೌಕಗಳ ನೇರ ಅಂಚುಗಳಿಗೆ ಸೇರುವುದರಿಂದ ಅವು ನೇರವಾಗಿರಬೇಕು. ಒಳಗುಳಿಯುವ ಓರೆಯ ಮಗ್ಗುಲುಗಳು ಹಿಗ್ಗದಂತೆ ಹೊಲಿಗೆ ಮುಗಿಯುವ ಪರ್ಯಂತ ಕಾಗದವೇ ಹಿಡಿದಿರುತ್ತದೆ. ಅದು ಕಡೆಗೆ ಸುಲಭವಾಗಿ ಹರಿಯಲೆಂದು ಅಂಗುಲಕ್ಕೆ ಹದಿನೈದರಿಂದ ಹದಿನೆಂಟರಂತೆ ಒತ್ತಾಗಿ ಹೊಲಿಗೆ ಹಾಕುವುದು ರೂಢಿ.

ಈ ಲೆಕ್ಕವನ್ನೆಲ್ಲ ಮಾಡಿದ ಮೇಲೆ ನಮ್ಮ ಕೌದಿಯ ಕಡೆಗೆ ತಿರುಗಿ ನೋಡಿದರೆ ಅದರ ಮಿತವ್ಯಯದ ಮರ್ಮ ತಿಳಿಯುತ್ತದೆ. ಅದೇ ಅಳತೆಯ ಕೌದಿಗೆ ಐದು ಪದರವೆಂದರೆ ೨೫,೨೦೦ ಚದರಂಗುಲ. ೪೫ ಅಂಗುಲ ಪನ್ನದ ಆರು ಗಜದ ಸೀರೆಯೊಂದರಲ್ಲಿ ೯,೭೨೦ ಚದರಂಗುಲ. ಎಂದಮೇಲೆ ಮೂರು ಹಳೆಯ ಸೀರೆಗಳಲ್ಲಿ ಪದರಗಳೆಲ್ಲ ಆಗಿ, ಮೇಲಿನ ತುಂಡುಗಳಿಗೂ ಬಟ್ಟೆ ಮಿಗುತ್ತದೆ. ಮಡಿಸಿದ ಅಂಚು ಇಲ್ಲಿಯೂ ಅಡಗುತ್ತದೆ, ಆದರೆ ಅಡಗಿದ್ದು ನಷ್ಟವಾಗದೆ ಪದರಗಳ ಮಂದಕ್ಕೆ ಸೇರಿ ಬೆಚ್ಚಗಾಗಿಸುತ್ತದೆ. ಕತ್ತರಿಯಿಂದ ಉದುರಿದ ಚಿಂದಿಯನ್ನೂ ಪದರಗಳ ನಡುವೆ ಹರವಬಹುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದಾರಂಭಿಸಿ ಸುತ್ತುತ್ತ ನಡುವಿನ ಕಡೆಗೆ ಹೊಲಿಯುವ ಕೌದಿಗಳಲ್ಲಿಯೂ ತುಂಡುಗಳನ್ನು ಒಂದಕ್ಕೊಂದು ಕೂಡಿಸುವುದಲ್ಲ, ತಳದ ಬಟ್ಟೆಯ ಮೇಲೆ ಇಟ್ಟು ಹೊಲಿಯುವುದೇ ಕ್ರಮ. ಇರುವ ಬಟ್ಟೆಗೆ ವಿನ್ಯಾಸವನ್ನು ಹೊಂದಿಸುವುದು ಇವರ ಗಣಿತ. ವಿನ್ಯಾಸಕ್ಕೆ ಬಟ್ಟೆಯನ್ನು ಹೊಂದಿಸುವುದು ಕಾಗದದ ಗಣಿತ. ಎರಡರಲ್ಲಿ ಯಾವುದೂ ಕೀಳಲ್ಲ. ಎರಡನ್ನೂ ಅರಿತ ಕೈ ಹೆಚ್ಚು ಸ್ವತಂತ್ರ.

ಆದಕಾರಣ ಹೊಸದಾಗಿ ಕಾಗದದ ವಿನ್ಯಾಸಕ್ಕೆ ಕೈಹಾಕುವವರು ಮೊದಲು ಒಂದೇ ಮನೆಯನ್ನು ಚಿಂದಿಬಟ್ಟೆಯಲ್ಲಿ ಹೊಲಿದು ನೋಡಲಿ. ಪ್ರತಿ ಬಗೆಯ ತುಂಡನ್ನೂ ಕತ್ತರಿಸಿದ ಅಳತೆಯಲ್ಲಿಯೇ ಬರೆದುಕೊಳ್ಳಲಿ. ಪಟ್ಟಿಯೊಂದಕ್ಕೆ ಎಷ್ಟು ತುಂಡೆಂದು ಎಣಿಸುವಾಗ ಉಳಿಯುವ ಭಿನ್ನವನ್ನು ಬಿಟ್ಟು, ಪಟ್ಟಿಗಳು ಎಷ್ಟೆಂದು ಎಣಿಸುವಾಗ ಭಿನ್ನವನ್ನು ಪೂರ್ಣಕ್ಕೇರಿಸಲಿ. ಕುಗ್ಗುವಿಕೆಯನ್ನು ಕಡೆಯಲ್ಲಿ ಕೂಡಿಸಲಿ. ಸುತ್ತಳತೆ ವಿಸ್ತೀರ್ಣಗಳ ಭೇದವನ್ನು ಕರಿಹಲಗೆಯ ಮೇಲೆ ಬೋಧಿಸುವ ನಮ್ಮ ಶಾಲೆಗಳು ಮಕ್ಕಳಿಗೆ ಮನೆಯ ಕೌದಿಯನ್ನೂ ಒಂದು ಅಳತೆಪಟ್ಟಿಯನ್ನೂ ಕೊಟ್ಟು ಈ ಲೆಕ್ಕವನ್ನು ಮಾಡಿಸಿದರೆ, ಆ ಪಾಠ ಅವರ ಬುದ್ಧಿಯಲ್ಲಿ ನಿಲ್ಲುವುದಲ್ಲದೆ, ತಮ್ಮ ಅಜ್ಜಿಯರು ಬರೆಯದೆಯೇ ಬಲ್ಲ ಗಣಿತದ ಬಗೆಗೆ ಗೌರವವನ್ನೂ ಹುಟ್ಟಿಸುವುದು.