ಏಕಪ್ರಯಾಣವಿಚಾರ: ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ ರೈಲು ಮತ್ತು ಮೆಟ್ರೋ ದರಗಳ ಗಣನಕ್ರಮ

ಒಬ್ಬ ಪ್ರಯಾಣಿಕನು ಒಂದೇ ಕಾರ್ಯವನ್ನು ಉದ್ದೇಶಿಸಿ ಮನೆಯಿಂದ ಹೊರಟು, ಮಾರ್ಗಮಧ್ಯದಲ್ಲಿ ಒಂದು ವಾಹನದಿಂದಿಳಿದು ಮತ್ತೊಂದನ್ನೇರಿ ಗಮ್ಯಸ್ಥಾನವನ್ನು ಸೇರಿದರೆ, ಅವನು ಮಾಡಿದುದು ಒಂದು ಪ್ರಯಾಣವೋ ಎರಡೋ ಎಂಬ ಪ್ರಶ್ನೆಯು ಮೇಲ್ನೋಟಕ್ಕೆ ಶುಷ್ಕತರ್ಕದಂತೆ ತೋರಬಹುದು. ಆದರೆ ಅವನು ತೆರಬೇಕಾದ ಹಣವು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿರುವುದು. ಮೀಮಾಂಸಕರು ಏಕವಾಕ್ಯತೆ, ವಾಕ್ಯಭೇದ ಎಂಬ ಹೆಸರುಗಳಿಂದ ಪದಸಮೂಹಗಳ ವಿಷಯದಲ್ಲಿ ಯಾವುದನ್ನು ವಿಚಾರಿಸಿದರೋ, ನಗರಸಾರಿಗೆಯ ದರಶಾಸ್ತ್ರವು ಪ್ರಯಾಣಗಳ ವಿಷಯದಲ್ಲಿ ಅದನ್ನೇ ವಿಚಾರಿಸುವುದು. ಬೆಂಗಳೂರು ದಂಡು, ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ ಎಂಬ ಪೂರ್ವಭಾಗವನ್ನು ಉದಾಹರಣವಾಗಿಟ್ಟುಕೊಂಡು ಈ ಗಣನಕ್ರಮವನ್ನು ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಈ ಪ್ರದೇಶದಲ್ಲಿ ಎರಡು ಬಗೆಯ ಹಳಿದಾರಿಗಳುಂಟು. ಅವುಗಳಲ್ಲಿ ಹಿರಿಯದು ರೈಲುದಾರಿ. ಮದರಾಸು ರೈಲ್ವೆ ಕಂಪನಿಯವರ ಮಾರ್ಗವು ಜೋಲಾರಪೇಟೆಯಿಂದ ದಂಡಿನವರೆಗೆ 1864ರಲ್ಲಿ ತೆರೆಯಲ್ಪಟ್ಟಿತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿ ದತ್ತವಾದಾಗಲೂ ದಂಡು ಬ್ರಿಟಿಷರ ಆಡಳಿತದಲ್ಲಿಯೇ ಉಳಿದು, 1947ರಲ್ಲಿ ಮೈಸೂರಿಗೆ ಸೇರಿತು. 1949ರಲ್ಲಿ ಪೇಟೆ ಮತ್ತು ದಂಡುಗಳ ಎರಡು ಪುರಾಡಳಿತಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಕಿರಿಯದು ನಮ್ಮ ಮೆಟ್ರೋ. ಅದರ ಮೊದಲ ಭಾಗವು 2011ರ ಅಕ್ಟೋಬರ್ 20ರಂದು ಮಹಾತ್ಮಾಗಾಂಧಿ ರಸ್ತೆಯಿಂದ ಬೈಯಪ್ಪನಹಳ್ಳಿಯವರೆಗೆ ಪ್ರಾರಂಭವಾಯಿತು. ಹಲಸೂರು, ಇಂದಿರಾನಗರ ನಿಲ್ದಾಣಗಳು ಆ ಭಾಗದಲ್ಲಿಯೇ ಇರುವುವು. ಪಶ್ಚಿಮದಲ್ಲಿ ಕಬ್ಬನ್ ಉದ್ಯಾನದಿಂದ ಮುಂದಣ ಸುರಂಗಮಾರ್ಗವು 2016ರಲ್ಲಿಯೂ, ಪೂರ್ವದಲ್ಲಿ ಬೈಯಪ್ಪನಹಳ್ಳಿಯನ್ನು ಕೃಷ್ಣರಾಜಪುರಕ್ಕೆ ಜೋಡಿಸುವ ಭಾಗವು 2023ರ ಅಕ್ಟೋಬರ್ 9ರಂದೂ ತೆರೆಯಲ್ಪಟ್ಟುವು. ಹೀಗೆ ಬೈಯಪ್ಪನಹಳ್ಳಿ, ಕೃಷ್ಣರಾಜಪುರ ಎಂಬ ಎರಡೆಡೆಗಳಲ್ಲಿ ರೈಲೂ ಮೆಟ್ರೋವೂ ಪರಸ್ಪರ ಸಮೀಪಿಸುತ್ತವೆ.

ಹಳಿಗಳು ಸಮೀಪಿಸಿದರೂ ದರಗಳು ಸಮೀಪಿಸಿಲ್ಲ. ಇದಕ್ಕೆ ಕಾರಣವು ಶಾಸನಭೇದ. ರೈಲಿನ ದರವನ್ನು 1989ರ ರೈಲ್ವೆ ಅಧಿನಿಯಮದಂತೆ ಕೇಂದ್ರಸರ್ಕಾರವು ವಿಧಿಸುವುದು. ಮೆಟ್ರೋದರವನ್ನಾದರೋ 2002ರ ಮೆಟ್ರೋ ರೈಲ್ವೆ ಅಧಿನಿಯಮದಂತೆ, ಉಚ್ಚನ್ಯಾಯಾಲಯದ ಹಾಲಿ ಅಥವಾ ಮಾಜಿ ನ್ಯಾಯಾಧೀಶರ ಅಧ್ಯಕ್ಷತೆಯುಳ್ಳ ದರನಿರ್ಣಯಸಮಿತಿಯು ಶಿಫಾರಸು ಮಾಡುವುದು. ಆ ಶಿಫಾರಸು ಮೆಟ್ರೋ ಆಡಳಿತಕ್ಕೆ ಬಂಧಕವಾದುದು. ಇಬ್ಬರು ವಿಧಾಯಕರು, ಎರಡು ವಿಧಿಗಳು. ಒಂದು ವಿಧಿಯಲ್ಲಿ ಮತ್ತೊಂದರ ಸ್ಮರಣೆಯೇ ಇಲ್ಲ.

ಎರಡು ಪಟ್ಟಿಗಳ ಸ್ವರೂಪವೂ ಬೇರೆ. ರೈಲಿನ ಸಾಮಾನ್ಯ ಎರಡನೆಯ ದರ್ಜೆಯ ಕನಿಷ್ಠದರವು 2015ರ ನವೆಂಬರಿನಲ್ಲಿ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ದಂಡಿನಿಂದ ಕೃಷ್ಣರಾಜಪುರಕ್ಕೆ ಹೋಗುವಂತಹ ಅಲ್ಪದೂರವು ಈ ಕನಿಷ್ಠದರದಲ್ಲಿಯೇ ಅಡಗುವುದು. ಮೆಟ್ರೋವಿನಲ್ಲಿ 2025ರ ಫೆಬ್ರವರಿ 9ರಂದು ಜಾರಿಗೆ ಬಂದ ಪಟ್ಟಿಯಂತೆ 2 ಕಿಲೋಮೀಟರಿನವರೆಗೆ 10 ರೂಪಾಯಿ. ಅಲ್ಲಿಂದ 10 ಕಿಲೋಮೀಟರಿನವರೆಗೆ ಪ್ರತಿ 2 ಕಿಲೋಮೀಟರಿಗೆ 10 ರೂಪಾಯಿಯ ಏರಿಕೆ. ಅನಂತರ ಪ್ರತಿ 5 ಕಿಲೋಮೀಟರಿಗೆ 10 ರೂಪಾಯಿಯ ಏರಿಕೆ. ಪರಮಾವಧಿ 90 ರೂಪಾಯಿ. ಕೆಲವು ನಿಲ್ದಾಣಗಳ ನಡುವಣ ದರವು ಒಮ್ಮೆಲೇ ಇಮ್ಮಡಿಯಾಯಿತೆಂಬ ಆಕ್ಷೇಪಣೆಯ ಮೇಲೆ ಅದೇ ತಿಂಗಳಿನಲ್ಲಿಯೇ ಅಂಥವುಗಳನ್ನು ಇಳಿಸಲಾಯಿತು.

ಈ ಪಟ್ಟಿಯಲ್ಲಿ ಗಮನಿಸತಕ್ಕ ತತ್ತ್ವವೊಂದುಂಟು. ದೂರವು ಬೆಳೆದಂತೆ ದರದ ಬೆಳವಣಿಗೆಯು ಮಂದವಾಗುವುದು. ಆ ಫೆಬ್ರವರಿ 9ರ ಪಟ್ಟಿಯಂತೆ 18 ಕಿಲೋಮೀಟರನ್ನು ಅವಿಚ್ಛಿನ್ನವಾಗಿ ಕ್ರಮಿಸಿದವನಿಗೆ 70 ರೂಪಾಯಿ. ಅದೇ ದೂರವನ್ನು 9 ಕಿಲೋಮೀಟರಿನ ಎರಡು ತುಂಡುಗಳಾಗಿ ಎಣಿಸಿದರೆ ತುಂಡೊಂದಕ್ಕೆ 50ರಂತೆ 100 ರೂಪಾಯಿ. ದೂರವೂ ಅಷ್ಟೇ, ಹಳಿಯೂ ಅದೇ. ಲೆಕ್ಕವು ಮಧ್ಯದಲ್ಲಿ ಪುನಃ ಸೊನ್ನೆಯಿಂದ ಪ್ರಾರಂಭವಾಯಿತೆಂಬುದೊಂದೇ ವ್ಯತ್ಯಾಸ. ವಾಕ್ಯಭೇದವು ದೋಷವೆಂದು ಶಾಸ್ತ್ರಕಾರರು ಹೇಳಿದುದು ಇಲ್ಲಿ 30 ರೂಪಾಯಿಯ ರೂಪದಲ್ಲಿ ಪ್ರತ್ಯಕ್ಷವಾಗುವುದು. ರೈಲಿನಿಂದ ಮೆಟ್ರೋವಿಗೆ ಬದಲಾಯಿಸುವವನಿಗೆ ಈ ದೋಷವು ನಿತ್ಯವಾದುದು. ಅವನು ಎರಡೆಡೆಯಲ್ಲಿಯೂ ಪ್ರಥಮ ಘಟ್ಟದ ದರವನ್ನು ತೆರುತ್ತಾನೆ.

ಈ ದೋಷವನ್ನು ಪರಿಹರಿಸಿದ ನಗರಗಳಲ್ಲಿ ಲಂಡನ್ ಪ್ರಸಿದ್ಧವಾದುದು. ಅಲ್ಲಿ ನಗರವನ್ನು ಏಕಕೇಂದ್ರಕವಾದ ವಲಯಗಳಾಗಿ ವಿಭಾಗಿಸಿರುವರು. ನಡುವಣದು ಮೊದಲನೆಯ ವಲಯ. ಹೊರಹೊರಗಿನವು ಕ್ರಮವಾಗಿ ಮುಂದಿನ ಸಂಖ್ಯೆಗಳವು. ಪ್ರಯಾಣಿಕನು ಹಾದುಹೋದ ವಲಯಗಳೆಷ್ಟು, ಅವುಗಳಲ್ಲಿ ಮೊದಲನೆಯದು ಸೇರಿದೆಯೋ ಇಲ್ಲವೋ ಎಂಬುದರ ಮೇಲೆ ದರನಿರ್ಣಯ. ಸುರಂಗರೈಲಿಗೆ ಒಂದು ಪಟ್ಟಿ, ಮೇಲಣ ರೈಲಿಗೆ ಒಂದು ಪಟ್ಟಿ, ಎರಡನ್ನೂ ಕೂಡಿ ಬಳಸುವವರಿಗೆ ಮೂರನೆಯದೊಂದು ಪಟ್ಟಿ. ಈ ಮೂರನೆಯ ಪಟ್ಟಿಯ ದರವು ಬಿಡಿದರಗಳಿಗಿಂತ ಅಧಿಕ, ಅವುಗಳ ಮೊತ್ತಕ್ಕಿಂತ ನ್ಯೂನ. ಒಂದು ದಿನದ ಒಟ್ಟು ವೆಚ್ಚಕ್ಕೆ ಪರಮಾವಧಿಯೂ ಗೊತ್ತಾಗಿದೆ.

ಇಲ್ಲಿ ಪೂರ್ವಪಕ್ಷ: ವಲಯಗಣನೆಯು ಅನ್ಯಾಯವಲ್ಲವೇ? ಹಲಸೂರಿಗೂ ಇಂದಿರಾನಗರಕ್ಕೂ ನಡುವೆ ಎಲ್ಲೆಗೆರೆಯನ್ನೆಳೆದರೆ, ಒಂದೇ ನಿಲ್ದಾಣದಷ್ಟು ದೂರ ಹೋಗುವವನೂ ಎರಡು ವಲಯಗಳ ದರವನ್ನು ತೆರಬೇಕಾಗುವುದಲ್ಲವೇ? ಆಕ್ಷೇಪವು ಯುಕ್ತವಾದುದೇ. ಲಂಡನ್ನಿನಲ್ಲಿ ಇದಕ್ಕಾಗಿಯೇ ಕೆಲವು ಎಲ್ಲೆಯ ನಿಲ್ದಾಣಗಳನ್ನು ಎರಡು ವಲಯಗಳಿಗೂ ಸೇರಿದುವೆಂದು ಎಣಿಸಿ, ಪ್ರಯಾಣಿಕನಿಗೆ ಅನುಕೂಲವಾದುದನ್ನು ಗ್ರಹಿಸುವರು. ಆದರೂ ದೂರಗಣನೆಯೇ ರೂಢಿಯಲ್ಲಿರುವ ಬೆಂಗಳೂರಿಗೆ ವಲಯಗಳು ಅವಶ್ಯವಲ್ಲ. ರೈಲಿನ ದೂರವನ್ನೂ ಮೆಟ್ರೋದೂರವನ್ನೂ ಕೂಡಿಸಿ ಒಂದೇ ಪಟ್ಟಿಯಲ್ಲಿ ನೋಡಿದರೂ ಅದೇ ಫಲವು ಸಿದ್ಧಿಸುವುದು. ಆದುದರಿಂದ ವಲಯವು ಸಾಧನಮಾತ್ರ. ಸಾಧ್ಯವಾದುದು ಪ್ರಯಾಣದ ಏಕತ್ವ.

ಆ ಏಕತ್ವವನ್ನು ನಿರ್ಣಯಿಸುವ ಲಕ್ಷಣಗಳಾವುವು? ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಶಾಬ್ದಬೋಧದಲ್ಲಿ ಪ್ರಸಿದ್ಧವಾದುವು. ಮೊದಲ ವಾಹನದಿಂದಿಳಿದವನು ಇನ್ನೂ ಗಮ್ಯವನ್ನು ಸೇರಿಲ್ಲವೆಂಬುದು ಆಕಾಂಕ್ಷೆ. ಎರಡನೆಯ ವಾಹನವು ಬಂದ ದಿಕ್ಕಿಗೇ ಹಿಂದಿರುಗದೆ ಮುಂದೊಯ್ಯುವುದು ಯೋಗ್ಯತೆ. ಇಳಿಯುವಿಕೆಗೂ ಏರುವಿಕೆಗೂ ನಡುವೆ ಬಹುಕಾಲವು ಕಳೆಯದಿರುವುದು ಸನ್ನಿಧಿ. ಲಂಡನ್ನಿನಲ್ಲಿ ಕೆಲವು ನಿರ್ದಿಷ್ಟ ನಿಲ್ದಾಣಗಳ ವಿಷಯದಲ್ಲಿ, ಪ್ರಯಾಣಿಕನು ಒಂದರ ದ್ವಾರದಿಂದ ಹೊರಬಿದ್ದು ಬೀದಿಯಲ್ಲಿ ನಡೆದು ಮತ್ತೊಂದರ ದ್ವಾರವನ್ನು ಗೊತ್ತಾದ ನಿಮಿಷಗಳೊಳಗೆ ಪ್ರವೇಶಿಸಿದರೆ, ಯಂತ್ರವು ಅದನ್ನು ಒಂದೇ ಪ್ರಯಾಣವೆಂದು ಎಣಿಸುವುದು. ದಂಡಿನ ವಿಷಯದಲ್ಲಿ ಈ ನಿಯಮವು ವಿಶೇಷವಾಗಿ ಉಪಯುಕ್ತ. ಶಿವಾಜಿನಗರ, ದಂಡುಗಳ ಮೂಲಕ ನಾಗವಾರಕ್ಕೆ ಹೋಗುವ ಮೆಟ್ರೋ ಸುರಂಗಗಳನ್ನು ಕೊರೆಯುವ ಕೆಲಸವು 2024ರ ಅಕ್ಟೋಬರಿನಲ್ಲಿ ಮುಗಿಯಿತು. ಆದರೆ ಅಲ್ಲಿಯ ಮೆಟ್ರೋ ನಿಲ್ದಾಣದ ಸ್ಥಳವನ್ನು ಮೂಲಯೋಜನೆಯಿಂದ ಬದಲಿಸಿ, ರೈಲು ನಿಲ್ದಾಣದೆದುರಿನಿಂದ ಬಂಬೂ ಬಜಾರಿನ ಮೈದಾನದ ಕಡೆಗೆ ಸರಿಸಲಾಯಿತು. ದೇಶದಿಂದ ತಪ್ಪಿದ ಸನ್ನಿಧಿಯನ್ನು ಕಾಲದಿಂದಲಾದರೂ ಸಂಪಾದಿಸಬೇಕಾಗಿದೆ.

ಉಳಿದುದು ವಿಭಾಗದ ಪ್ರಶ್ನೆ. ನಿಜವಾದ ಕ್ಲೇಶವು ಇಲ್ಲಿಯೇ. ಊಹೆಯ ಉದಾಹರಣೆಯೊಂದನ್ನು ನೋಡಬಹುದು. ರೈಲಿನಲ್ಲಿ 6 ಕಿಲೋಮೀಟರಿಗೆ 10 ರೂಪಾಯಿ, ಮೆಟ್ರೋವಿನಲ್ಲಿ 3 ಕಿಲೋಮೀಟರಿಗೆ 20 ರೂಪಾಯಿ, ಒಟ್ಟು 30. ಸಂಯುಕ್ತದರವನ್ನು 25 ಎಂದಿಟ್ಟುಕೊಂಡರೆ ಅದನ್ನು ಹಂಚುವುದು ಹೇಗೆ? ಬಿಡಿದರಗಳ ಪ್ರಮಾಣದಂತೆ ಹಂಚಿದರೆ ಮೆಟ್ರೋವಿಗೆ 16 ರೂಪಾಯಿ 67 ಪೈಸೆ, ರೈಲಿಗೆ 8 ರೂಪಾಯಿ 33 ಪೈಸೆ. ದೂರದ ಪ್ರಮಾಣದಂತೆ ಹಂಚಿದರೆ ಅಂಕಿಗಳು ಸರಿಯಾಗಿ ತಿರುಗುಮುರುಗಾಗುವುವು. ಇಬ್ಬರೂ ತಮಗೆ ಅನುಕೂಲವಾದ ನ್ಯಾಯವನ್ನೇ ಹಿಡಿಯುವರೆಂಬುದು ಸಹಜ. ಇಂತಹ ಹಂಚಿಕೆಗೆಂದೇ ಇಂಗ್ಲೆಂಡಿನ ರೈಲುಕಂಪನಿಗಳು 1842ರಲ್ಲಿ ಲೆಕ್ಕತೀರುವೆಯ ಸಂಸ್ಥೆಯೊಂದನ್ನು ಸ್ಥಾಪಿಸಿದುವು. ಒಂದೇ ಟಿಕೇಟಿನಿಂದ ಹಲವು ಕಂಪನಿಗಳ ಹಳಿಗಳ ಮೇಲೆ ಹೋದವನ ಹಣವನ್ನು ಮೈಲಿಗಳ ಲೆಕ್ಕದಂತೆ ಅದು ಹಂಚುತ್ತಿದ್ದಿತು.

ಉದಾಹರಣೆಯಲ್ಲಿ ಕಡಮೆಯಾದ 5 ರೂಪಾಯಿಯನ್ನು ಯಾರು ಹೊರಬೇಕೆಂಬುದೂ ವಿಚಾರಣೀಯ. ಲಂಡನ್ನಿನ ಮಹಾನಗರ ಪರಿಷತ್ತು 1981ರಲ್ಲಿ ದರಗಳನ್ನಿಳಿಸಿ ಆ ಭಾರವನ್ನು ಸ್ಥಳೀಯ ತೆರಿಗೆಯ ಮೇಲೆ ಹಾಕಿದಾಗ, ಅಂದಿನ ಪರಮೋಚ್ಚ ನ್ಯಾಯಸ್ಥಾನವಾದ ಪ್ರಭುಸಭೆಯು ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ಶಾಸನವಿರುದ್ಧವೆಂದು ತೀರ್ಮಾನಿಸಿತು. ದರಗಳು ಮತ್ತೆ ಏರಿದುವು. ಬಸ್ಸು ಮತ್ತು ಸುರಂಗರೈಲುಗಳಿಗೆ ಸಾಮಾನ್ಯವಾದ ವಲಯಚೀಟಿಯು 1983ರಲ್ಲಿಯೂ, ಮೇಲಣ ರೈಲನ್ನೂ ಒಳಗೊಂಡುದು 1985ರಲ್ಲಿಯೂ ಬಂದುವು. ಸಂಯುಕ್ತದರವು ನಿಲ್ಲಬೇಕಾದರೆ ನಷ್ಟಭರ್ತಿಯ ವಿಧಿಯು ಮೊದಲೇ ಗೊತ್ತಾಗಬೇಕೆಂಬುದಕ್ಕೆ ಇದೇ ನಿದರ್ಶನ.

2019ರಲ್ಲಿ ದೇಶದಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡು ನಮ್ಮ ಮೆಟ್ರೋವಿನಲ್ಲಿ ಸ್ವೀಕೃತವಾದುದರಿಂದಲೇ ಈ ಕಾರ್ಯವು ಸಿದ್ಧಿಸಿತೆಂದು ಭಾವಿಸಲಾಗದು. ಒಂದೇ ಹಣದ ಚೀಲದಿಂದ ಎರಡು ಬಾರಿ ತೆತ್ತರೆ ಎರಡು ಋಣಗಳು ಒಂದಾಗುವುದಿಲ್ಲ. ಕೆಂಗೇರಿಯಿಂದ ದಂಡು, ಕೃಷ್ಣರಾಜಪುರಗಳ ಮೂಲಕ ವೈಟ್‌ಫೀಲ್ಡಿಗೆ ಹೋಗಬೇಕಾದ ಉಪನಗರ ರೈಲಿನ ಪಾರಿಜಾತ ಮಾರ್ಗವು 2020ರಲ್ಲಿ ಕೇಂದ್ರದ ಅನುಮೋದನೆ ಪಡೆದ ಯೋಜನೆಯಲ್ಲಿ ಸೇರಿದೆ. ನಗರದ ಸಾರಿಗೆಗಳನ್ನು ಸಮನ್ವಯಗೊಳಿಸಲು 2022ರ ಅಧಿನಿಯಮವೊಂದು ಮಹಾನಗರ ಭೂಸಾರಿಗೆ ಪ್ರಾಧಿಕಾರವನ್ನು ಕಲ್ಪಿಸಿದೆ. ಹೊಸ ಮಾರ್ಗಕ್ಕೆ ಪ್ರತ್ಯೇಕವಾದ ಮತ್ತೊಂದು ಪಟ್ಟಿಯು ಬರೆಯಲ್ಪಡುವ ಮುನ್ನ, ಯಾವುದು ಒಂದು ಪ್ರಯಾಣ, ಅದರ ಹಣವು ಯಾರಿಗೆಷ್ಟು, ನ್ಯೂನವಾದುದನ್ನು ತುಂಬುವವರಾರು ಎಂಬ ಮೂರು ಪ್ರಶ್ನೆಗಳಿಗೆ ಆ ಪ್ರಾಧಿಕಾರದಲ್ಲಿ ಉತ್ತರವು ನಿರ್ಣೀತವಾಗತಕ್ಕುದು. ಪೇಟೆಯೂ ದಂಡೂ ಒಂದೇ ಆಡಳಿತಕ್ಕೊಳಪಟ್ಟು ಮುಕ್ಕಾಲು ಶತಮಾನವು ಕಳೆದಿದೆ. ಅವುಗಳ ನಡುವೆ ನಿತ್ಯವೂ ಸಂಚರಿಸುವವನ ಪ್ರಯಾಣಕ್ಕೆ ಆ ಏಕತ್ವವು ಇನ್ನೂ ಲಭಿಸಬೇಕಾಗಿದೆ.