ಹಲಸಿನ ಗುಣದರ್ಶನ: ಚೇಳೂರಿನ ಸಿದ್ದು ತಳಿಯ ನಿದರ್ಶನ

ಆಧುನಿಕ ಜೀವವಿಜ್ಞಾನವು ಬಹುಮಟ್ಟಿಗೆ ಅಳತೆಯನ್ನು ನೆಚ್ಚಿ ಬೆಳೆದ ಶಾಸ್ತ್ರ. ಆದರೆ ಜೀವಿಯನ್ನು ಬಿಡಿಭಾಗಗಳಾಗಿ ಒಡೆಯುವ ಮುನ್ನ ಇಡಿಯಾಗಿ, ಅದರ ಗುಣಗಳ ಮೂಲಕ ಕಾಣಬೇಕೆಂಬ ಪರಂಪರೆಯೂ ವಿಜ್ಞಾನದೊಳಗೇ ಇದೆ. ಜರ್ಮನಿಯ ಕವಿ ಗಯಟೆಯು 1790ರಲ್ಲಿ ಪ್ರಕಟಿಸಿದ ಸಸ್ಯರೂಪಾಂತರದ ಪ್ರಬಂಧದಲ್ಲಿ ಎಲೆ, ಹೂದಳ, ಕೇಸರಗಳನ್ನು ಒಂದೇ ಅಂಗದ ಮಾರ್ಪಾಡುಗಳೆಂದು ವಿವರಿಸಿದನು.

ಈ ದೃಷ್ಟಿಗೆ ಹಲಸು ಒಳ್ಳೆಯ ಪಾಠ. ಅದು ಒಂದು ಹೂವಿನಿಂದಾದ ಹಣ್ಣಲ್ಲ. ಇಡೀ ಹೂಗೊಂಚಲೇ ಕೂಡಿಕೊಂಡು ಹಣ್ಣಾಗುತ್ತದೆ. ಫಲಿತ ಹೂವಿನ ಹೊದಿಕೆ ರಸದುಂಬಿ ತೊಳೆಯಾಗುತ್ತದೆ, ಫಲಿಸದ ಹೂಗಳು ನಾರಾಗಿ ಉಳಿಯುತ್ತವೆ. ತಿನ್ನುವ ತೊಳೆಯೂ ಎಸೆಯುವ ನಾರೂ ಹುಟ್ಟಿನಲ್ಲಿ ಒಂದೇ. ಮೇಲಾಗಿ ಹಲಸಿನಲ್ಲಿ ಪರಾಗವು ಬೇರೆ ಮರದಿಂದ ಬರುವುದೇ ವಾಡಿಕೆಯಾದುದರಿಂದ ಬೀಜದಿಂದೆದ್ದ ಪ್ರತಿ ಮರವೂ ಬೇರೆಯೇ ವ್ಯಕ್ತಿ. ಇಡೀ ಜಾತಿಯ ಸರಾಸರಿ ಇಲ್ಲಿ ಹೆಚ್ಚೇನನ್ನೂ ಹೇಳದು. ಒಂದೊಂದು ಮರವನ್ನೂ ಬಲ್ಲವರು ಬೇಕು.

ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಎಸ್. ಕೆ. ಸಿದ್ದಪ್ಪನವರು ಬೆಳೆಸಿದ ಮರ ಅಂಥದು. ತಾಮ್ರಗೆಂಪು ತೊಳೆಯ ಅದರ ಸಣ್ಣ ಹಣ್ಣನ್ನು ಆ ಕುಟುಂಬ ಬಣ್ಣ, ರುಚಿಗಳಿಂದಲೇ ಅರಿತು ಕಾಪಾಡಿಕೊಂಡಿತ್ತು. ತುಮಕೂರು ಸಮೀಪದ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅಳತೆಗೆ ತೊಡಗಿದ್ದು ಅನಂತರ. ಹಣ್ಣಿನ ಸರಾಸರಿ ತೂಕ ಸುಮಾರು 2.4 ಕೆ.ಜಿ., ಸಿಹಿಯ ಪ್ರಮಾಣ 31 ಬ್ರಿಕ್ಸ್; ಕೆಂಪಿಗೆ ಲೈಕೋಪೀನ್ ಕಾರಣ. ಸಿದ್ದಪ್ಪನವರ ಹೆಸರಿನಿಂದಲೇ ತಳಿಗೆ 'ಸಿದ್ದು' ಎಂದು ಹೆಸರಾಯಿತು. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅವರ ಪುತ್ರ ಎಸ್. ಎಸ್. ಪರಮೇಶ ಅವರೊಂದಿಗೆ ಒಪ್ಪಂದ ಮಾಡಿಕೊಂಡು, ಕಸಿ ಸಸಿಗಳ ವರಮಾನದಲ್ಲಿ ಶೇ. 75ರಷ್ಟನ್ನು ಆ ಕುಟುಂಬಕ್ಕೆ ಗೊತ್ತುಪಡಿಸಿತು.

ಈ ಅನುಕ್ರಮ ಗಮನಾರ್ಹ. ಬ್ರಿಕ್ಸ್ ಮಾಪಕವು ಮರವನ್ನು ಹುಡುಕಿಕೊಡಲಿಲ್ಲ. ನಾಲಗೆ, ಕಣ್ಣುಗಳು ಹುಡುಕಿದ್ದನ್ನು ಅದು ದೃಢಪಡಿಸಿತು. ಹಾಗೆಂದು ಅಳತೆ ಹಗೆಯಲ್ಲ: ಚೇಳೂರಿನ ಹಣ್ಣನ್ನು ಎಂದೂ ತಿನ್ನದ ದೂರದ ಬೆಳೆಗಾರನಿಗೆ ಗುಣವನ್ನು ಮುಟ್ಟಿಸುವುದು ಅಂಕಿಯೇ. ಕಷ್ಟವಿರುವುದು ಬೇರೆಡೆ. ಕಸಿಯಿಂದ ಒಂದೇ ಮರ ಸಹಸ್ರವಾಗುತ್ತದೆ. ಹೆಸರಿಲ್ಲದ ಬೀಜಮರಗಳು ಅದೇ ಹೊತ್ತಿಗೆ ಸೌದೆಯಾದರೆ ಮುಂದಿನ ಸಿದ್ದು ಎಲ್ಲಿಂದ ಹುಟ್ಟಬೇಕು? ಕಸಿಯೂ ಪೂರ್ಣ ಪ್ರತಿರೂಪವಲ್ಲ ಎಂಬುದನ್ನು ನೆನೆಯಬೇಕು. ಕೊಂಬೆ ಸಿದ್ದುವಿನದಾದರೂ ಬೇರು ಯಾವುದೋ ಬೀಜದ ಸಸಿಯದು. ಅದು ಹೀರುವ ಮಣ್ಣು, ನೀರು ಚೇಳೂರಿನವಲ್ಲ. ಹೊಸ ನೆಲದಲ್ಲಿ ಆ ಕೆಂಪು ಎಷ್ಟು ಉಳಿಯಿತೆಂಬುದನ್ನು ಮತ್ತೆ ಮರ ಮರದ ಬಳಿ ನಿಂತೇ ನೋಡಬೇಕಾಗುತ್ತದೆ.